ಹಾರಲಾಗದ ಹದ್ದಿನ ಮರಿ: ಹುಬ್ಬಳ್ಳಿಯ ಒಂದು ಪ್ರಕರಣ

ಮನೆಯೊಂದರಲ್ಲಿ ಕೈತುತ್ತು ತಿಂದು ಬೆಳೆದ ಹದ್ದಿನ ಮರಿಯ ಪ್ರಕರಣ ಇದು. ಮರಿಗೆ ಮೂಳೆ ಮುರಿದಿರಲಿಲ್ಲ. ಗಾಯ ಇರಲಿಲ್ಲ, ಸೋಂಕೂ ಇರಲಿಲ್ಲ. ಆದರೂ ಅದಕ್ಕೆ ಹಾರಲು ಆಗುತ್ತಿರಲಿಲ್ಲ. ತೊಂದರೆ ಇದ್ದದ್ದು ಗರಿಗಳಲ್ಲಿ. ಬೇಸಿಗೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಪಶುವೈದ್ಯರ ಹತ್ತಿರ ಗೂಡಿನಿಂದ ಬಿದ್ದ ಮರಿಗಳು ಬರುತ್ತಲೇ ಇರುತ್ತವೆ. ಮೂಳೆಗೆ ಸಿಗುವಷ್ಟು ಗಮನ ಗರಿಗೆ ಸಿಗುವುದಿಲ್ಲ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ಮನೆಯವರು ಯಾರು, ಯಾವ ಓಣಿ ಎಂಬುದನ್ನು ಬಿಟ್ಟಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ.

ಹಿನ್ನೆಲೆ

ಹುಬ್ಬಳ್ಳಿಯ ಹಳೆಯ ಭಾಗದ ಒಂದು ತುಂಬು ಕುಟುಂಬ. ಮನೆಗೆ ಹಿರಿಯರೆಂದರೆ ಅಜ್ಜಿ. ಮೊಮ್ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಳು. ಓಣಿಯ ತುದಿಯ ದೊಡ್ಡ ಮರದಲ್ಲಿ ಪ್ರತಿವರ್ಷ ಹದ್ದು ಗೂಡು ಕಟ್ಟುತ್ತಿತ್ತು. ಹತ್ತಿರದಲ್ಲೇ ಮಾಂಸದ ಅಂಗಡಿಗಳಿದ್ದವು, ಹಾಗಾಗಿ ಹದ್ದುಗಳಿಗೆ ಅಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಶಿವರಾತ್ರಿಗೆ ಕೆಲವು ದಿನ ಮೊದಲು, ತಂತಿಗೆ ತಾಗುತ್ತದೆಂದು ಮರದ ಕೊಂಬೆ ಕಡಿದರು. ಗೂಡು ಕೆಳಗೆ ಬಿತ್ತು. ಬದುಕಿದ್ದ ಒಂದೇ ಮರಿಯನ್ನು ಮೊಮ್ಮಗಳು ಮನೆಗೆ ತಂದಳು.

ಆಗ ಅವಳು ತೆಗೆದ ಫೋಟೊ ನೋಡಿದ್ದೇನೆ. ಮೈತುಂಬ ತುಪ್ಪಳ. ರೆಕ್ಕೆಯ ಅಂಚಿನಲ್ಲಿ ಕಪ್ಪು ಕಡ್ಡಿಗಳು ಆಗಷ್ಟೇ ಇಣುಕುತ್ತಿದ್ದವು. ಅಂದಾಜು ಮೂರು ವಾರದ ಮರಿ. ಮೊದಲು ಅದಕ್ಕೆ ಹಾಲಿನಲ್ಲಿ ನೆನೆಸಿದ ಬ್ರೆಡ್ ಕೊಟ್ಟರು. ಅದು ತಿನ್ನಲಿಲ್ಲ ಎಂದು ಕೋಳಿಮಾಂಸದ ಚೂರುಗಳಿಗೆ ಬದಲಾಯಿಸಿದರು. ಗಂಟಲಿಗೆ ಸಿಕ್ಕೀತು ಎಂಬ ಭಯಕ್ಕೆ ಪ್ರತಿ ಚೂರಿನಿಂದಲೂ ಅಜ್ಜಿ ಮೂಳೆ ತೆಗೆದು ಕೊಡುತ್ತಿದ್ದರು. ಮಲಗಲು ಹಳೆಯ ಕೋಳಿಗೂಡು, ಸುತ್ತಲೂ ತಂತಿಬಲೆ. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಮರಿ ಬದುಕಿದ್ದು ಅವರಿಂದಲೇ.

ಮರಿ ಬೆಳೆಯಿತು. ಮೈತುಂಬ ಗರಿ ಬಂತು. ಮಾಳಿಗೆಯ ಕಟ್ಟೆಯ ಮೇಲೆ ಕೂರಿಸಿದರೆ ರೆಕ್ಕೆ ಬಡಿಯುತ್ತಿತ್ತು. ಒಂದು ದಿನ ಹಾರಲು ಹೋಗಿ ನೇರ ಅಂಗಳಕ್ಕೆ ಬಿತ್ತು. ಎಡರೆಕ್ಕೆಯ ಮೂರು ಗರಿಗಳು ನಡುವೆಯೇ ಲಟಕ್ಕೆಂದು ಮುರಿದಿದ್ದವು. ಮನೆಯವರು ಅವನ್ನು ಅಂಗಡಿಯ ಅಂಟು ಹಾಕಿ ಕೂಡಿಸಿದರು. ಮರುದಿನವೇ ಮತ್ತೆ ಮುರಿದವು. ಆಮೇಲೆ ನಮ್ಮ ಹತ್ತಿರ ಬಂದರು. ಬರಲು ಹಿಂಜರಿದಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹದ್ದು ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಸಾಕುವಂತಿಲ್ಲ. ಕೇಸ್ ಆದೀತು ಎಂಬ ಹೆದರಿಕೆ ಅವರಿಗಿತ್ತು. ನಾವು ಮೊದಲ ದಿನವೇ ಅರಣ್ಯ ಇಲಾಖೆಗೆ ತಿಳಿಸಿದೆವು. ಅವರ ಒಪ್ಪಿಗೆಯ ಮೇಲೆ ಚಿಕಿತ್ಸೆ ಶುರುವಾಯಿತು. ಈ ಹೆದರಿಕೆಯಿಂದ ಎಷ್ಟೋ ಮರಿಗಳು ತಡವಾಗಿ ಬರುತ್ತವೆ. ಬಿದ್ದ ಮರಿಯನ್ನು ಎತ್ತಿಕೊಂಡ ದಿನವೇ ಇಲಾಖೆಗೆ ಒಂದು ಫೋನ್ ಮಾಡಿದರೆ ಈ ಭಯಕ್ಕೆ ಜಾಗವೇ ಇರುವುದಿಲ್ಲ.

ಗರಿಯ ಮೇಲೆ ಕಂಡದ್ದು

ಎಕ್ಸ್-ರೇಯಲ್ಲಿ ಮೂಳೆ ಸ್ವಲ್ಪ ತೆಳುವಾಗಿ ಕಂಡಿತು, ಬಾಗಿರಲಿಲ್ಲ. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಹಾಗಾಗಿ ಅದು ಅನಿರೀಕ್ಷಿತವೇನಲ್ಲ. ಆಮೇಲೆ ರೆಕ್ಕೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆವು.

ಪ್ರತಿ ಗರಿಯ ಮೇಲೂ ಅಡ್ಡಡ್ಡ ಒಂದು ತೆಳು ಗೆರೆ. ಆ ಗೆರೆಯಲ್ಲಿ ಎಳೆಗಳೇ ಸರಿಯಾಗಿ ಮೂಡಿರಲಿಲ್ಲ, ಬೆಳಕು ಆಚೆ ಕಾಣುತ್ತಿತ್ತು. ಇದನ್ನು ದೋಷಪಟ್ಟಿ ಎನ್ನಬಹುದು. ಗರಿ ಬೆಳೆಯುವ ಹೊತ್ತಿನಲ್ಲಿ ಹಕ್ಕಿಗೆ ಊಟ ಕಡಿಮೆಯಾದರೆ, ಕಾಯಿಲೆ ಬಂದರೆ, ವಿಪರೀತ ಹೆದರಿದರೆ ಹೀಗಾಗುತ್ತದೆ. ಆ ಗೆರೆಗಳು ಎರಡೂ ರೆಕ್ಕೆಯಲ್ಲಿ, ಬಾಲದಲ್ಲಿ ಕೂಡ, ಒಂದರ ಪಕ್ಕ ಒಂದು ಸಾಲಾಗಿ ಕೂಡಿಕೊಂಡಿದ್ದವು. ದೊಡ್ಡ ಹದ್ದಿನಲ್ಲಿ ಹೀಗಾಗುವುದಿಲ್ಲ. ಅದು ಗರಿಗಳನ್ನು ಒಂದೊಂದಾಗಿ ಉದುರಿಸಿ ಬೆಳೆಸುತ್ತದೆ. ಹಾಗಾಗಿ ಒಂದು ಕೆಟ್ಟ ದಿನದ ಗುರುತು ಆಗ ಬೆಳೆಯುತ್ತಿರುವ ಒಂದೆರಡು ಗರಿಗಳಲ್ಲಿ ಮಾತ್ರ ಉಳಿಯುತ್ತದೆ. ಮರಿಯ ಗರಿಗಳೆಲ್ಲ ಒಟ್ಟಿಗೆ ಬೆಳೆಯುತ್ತವೆ. ಒಂದು ಕೆಟ್ಟ ದಿನ ಎಲ್ಲ ಗರಿಗಳಿಗೂ ಒಟ್ಟಿಗೇ ತಟ್ಟುತ್ತದೆ. ಮುರಿದ ಮೂರೂ ಗರಿಗಳು ಮುರಿದದ್ದು ಸರಿಯಾಗಿ ಆ ಗೆರೆಯ ಮೇಲೆ.

ಇನ್ನೊಂದು ವಿಷಯವನ್ನು ನಾವು ನಿಧಾನಕ್ಕೆ ನೋಡಿದೆವು. ಗರಿಯನ್ನು ಓರೆ ಬೆಳಕಿಗೆ ಹಿಡಿದರೆ ಮಂದವಾಗಿ, ಒಂದು ಕಪ್ಪು ಒಂದು ಬಿಳುಪು ಎಂಬಂತೆ ಪಟ್ಟಿಗಳು ಕಾಣುತ್ತವೆ. ಇವು ದೋಷವಲ್ಲ. ಗರಿಯ ದಿನದ ಬೆಳವಣಿಗೆ. ಒಂದು ಜೋಡಿ ಎಂದರೆ ಸುಮಾರು 24 ಗಂಟೆ. ದೋಷಪಟ್ಟಿಯಿಂದ ಬುಡದ ಕಡೆಗೆ ಈ ಜೋಡಿಗಳನ್ನು ಎಣಿಸುತ್ತ ಬಂದರೆ ತೊಂದರೆ ಎಂದು ಆಯಿತು ಎಂಬುದರ ಅಂದಾಜು ಸಿಗುತ್ತದೆ. ಎಣಿಸಿ ಮೊಮ್ಮಗಳನ್ನು ಕೇಳಿದೆ: ಶಿವರಾತ್ರಿ ಹೊತ್ತಿನಲ್ಲಿ ಮನೆಯಲ್ಲಿ ಏನಾದರೂ ಆಗಿತ್ತಾ?

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಸಿದ್ಧಾರೂಢ ಮಠದ ಜಾತ್ರಿಗೆ ನೆಂಟರು ಬಂದಿದ್ರು ಮೇಡಂರೀ. ಮೂರು ದಿನ ಮನ್ಯಾಗ ಮಾಂಸ ತರಲಿಲ್ಲ. ಬರೇ ಹಾಲು-ಬ್ರೆಡ್ ಕೊಟ್ವಿ."

ಶಿವರಾತ್ರಿಯ ದಿನಗಳಲ್ಲಿ ಮನೆಗೆ ಮಾಂಸ ತರದಿರುವುದು ನಮ್ಮ ಕಡೆ ಸಹಜವೇ. ಆದರೆ ಆ ಮೂರು ದಿನ ಮರಿಗೆ ಗರಿ ಕಟ್ಟಲು ಬೇಕಾದ ಸರಕು ಸಿಗಲಿಲ್ಲ. ಗರಿ ಎಂದರೆ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನ್. ಅದಕ್ಕೆ ಗಂಧಕ ಇರುವ ಅಮೈನೊ ಆಮ್ಲಗಳು ಜಾಸ್ತಿ ಬೇಕು. ಬೇಟೆಹಕ್ಕಿಗೆ ಅವು ಮಾಂಸದಿಂದಲೇ ಬರಬೇಕು. ಹಾಲಿನ ಸಕ್ಕರೆಯಂತೂ ಹಕ್ಕಿಗಳ ಹೊಟ್ಟೆಗೆ ಆಗುವುದಿಲ್ಲ. ಕೆಳಗೆ ಇನ್ನೊಂದು ಸಣ್ಣ ಗೆರೆಯೂ ಇತ್ತು. ಆ ದಿನ ಏನಾಯಿತು ಎಂಬುದು ಯಾರಿಗೂ ನೆನಪಾಗಲಿಲ್ಲ.

ಅಜ್ಜಿ ಕೇಳಿದರು, "ನಾವು ಮಾಡಿದ್ದು ತಪ್ಪಾತೇನವಾ?" ಎಂದು. ಗೂಡು ಬಿದ್ದ ದಿನವೇ ಅದು ಸಾಯಬೇಕಿತ್ತು, ನಿಮ್ಮಿಂದ ಉಳಿಯಿತು ಎಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ.

ಮೂರು ದಾರಿಗಳು

ಮೊಮ್ಮಗಳ ಮೊದಲ ಪ್ರಶ್ನೆಯೇ ಮುಖ್ಯವಾದದ್ದು. "ಉಗುರು ಕತ್ತರಿಸಿದ್ರ ಮತ್ತ ಬೆಳಿತೈತಿ. ಗರಿ ಯಾಕ ಬೆಳಿಯಂಗಿಲ್ರೀ?"

ಉಗುರೂ ಕೆರಾಟಿನ್ನೇ. ಆದರೆ ಉಗುರಿನ ಬುಡ ಜೀವನಪೂರ್ತಿ ಕೆಲಸ ಮಾಡುತ್ತಲೇ ಇರುತ್ತದೆ. ಗರಿ ಹಾಗಲ್ಲ. ಚರ್ಮದಲ್ಲಿ ಒಂದು ಕುಳಿ ಇರುತ್ತದೆ. ಕುಳಿಯ ತಳದಲ್ಲಿ ಜೀವಕೋಶಗಳ ಒಂದು ಉಂಗುರ. ಉಂಗುರದ ನಡುವೆ ರಕ್ತನಾಳ ಇರುವ ಮೆತ್ತನೆಯ ತಿರುಳು. ಉಂಗುರದ ಕೋಶಗಳು ಹೆಚ್ಚುತ್ತ ಹೋದಂತೆ ಹಳೆಯವು ಮೇಲಕ್ಕೆ ತಳ್ಳಲ್ಪಡುತ್ತವೆ. ಹೀಗೆ ಕವಚದೊಳಗೆ ಒಂದು ಕೊಳವೆ ಬೆಳೆಯುತ್ತದೆ. ಕೊಳವೆಯ ಗೋಡೆ ಉದ್ದಕ್ಕೆ ಏಣುಗಳಾಗಿ ಸೀಳುತ್ತದೆ. ಆ ಏಣುಗಳೇ ಮುಂದೆ ಗರಿಯ ಎಳೆಗಳು. ಅವು ಸುತ್ತು ಹಾಕಿಕೊಂಡು ಒಂದು ಕಡೆಗೆ ಸರಿದು ಕೂಡಿಕೊಳ್ಳುತ್ತವೆ. ಕೂಡಿದ ಜಾಗವೇ ದಂಟು. ಒಣಗಿದ ಕವಚ ಒಡೆದಾಗ ಕೊಳವೆ ಚಪ್ಪಟೆಯಾಗಿ ಬಿಡಿಸಿಕೊಳ್ಳುತ್ತದೆ. ನಾವು ಗರಿ ಎನ್ನುವುದು ಅದನ್ನೇ.

ಗರಿಯ ತುದಿ ಮೊದಲು ಆಗುತ್ತದೆ, ಬುಡ ಕೊನೆಗೆ. ಬುಡವೂ ಆದ ಮೇಲೆ ತಿರುಳು ಹಿಂದೆ ಸರಿಯುತ್ತದೆ, ರಕ್ತ ನಿಲ್ಲುತ್ತದೆ, ಟೊಳ್ಳು ಕೊಳವೆ ಉಳಿಯುತ್ತದೆ. ಅಲ್ಲಿಂದ ಗರಿ ನಿರ್ಜೀವ ವಸ್ತು. ಅದು ಮುರಿದರೆ ಮೈಗೆ ಗೊತ್ತೂ ಆಗುವುದಿಲ್ಲ. ಕುಳಿ ಸುಮ್ಮನೆ ಮಲಗಿರುತ್ತದೆ, ಆ ಗರಿ ಉದುರುವ ಕಾಲ ಬರುವ ತನಕ.

ಹಾಗಾದರೆ ಏನು ಮಾಡಬಹುದು? ಕಾಯುವುದು ಮೊದಲ ದಾರಿ. ಹದ್ದಿನ ಮರಿ ತನ್ನ ಮೊದಲ ಹಾರುವ ಗರಿಗಳನ್ನು ಉದುರಿಸಲು ಶುರುಮಾಡುವುದು ಸುಮಾರು ಒಂದು ವರ್ಷದ ಹೊತ್ತಿಗೆ. ರೆಕ್ಕೆಯ ಹೊರಭಾಗದಲ್ಲಿ 10 ಪ್ರೈಮರಿ ಗರಿಗಳಿರುತ್ತವೆ. ಒಳಗಿನದು ಒಂದನೆಯದು. ಉದುರುವುದು ಅಲ್ಲಿಂದ ಹೊರಕ್ಕೆ, ಕ್ರಮವಾಗಿ. ನಮ್ಮ ಮರಿಯಲ್ಲಿ ಮುರಿದದ್ದು 6, 7 ಮತ್ತು 8. ಅವುಗಳ ಸರದಿ ಬರುವ ಹೊತ್ತಿಗೆ ಮರಿ ಒಂದು ವರ್ಷಕ್ಕೂ ಜಾಸ್ತಿ ಪಂಜರದಲ್ಲಿ ಕಳೆದಿರುತ್ತದೆ. ಮೊದಲೇ ಮನುಷ್ಯರಿಗೆ ಒಗ್ಗಿಹೋದ ಮರಿ ಅದು.

ಮುರಿದ ಗರಿಗಳನ್ನು ಕಿತ್ತುಹಾಕುವುದು ಎರಡನೆಯದು. ಕಿತ್ತರೆ ಕುಳಿ ಎಚ್ಚರಗೊಂಡು ಹೊಸ ಗರಿ ಬೆಳೆಸುತ್ತದೆ, ಇದು ನಿಜ. ಕೋಳಿ ಸಾಕುವವರಿಗೂ ಪಾರಿವಾಳ ಸಾಕುವವರಿಗೂ ಇದು ಗೊತ್ತು, ಮನೆಯವರಿಗೆ ಯಾರೋ ಇದನ್ನೇ ಹೇಳಿದ್ದರು. ಆದರೆ ಪ್ರೈಮರಿ ಗರಿಯ ಬುಡ ರೆಕ್ಕೆಯ ತುದಿಯ ಮೂಳೆಗೇ ಗಟ್ಟಿ ನಾರುಗಳಿಂದ ಬಿಗಿದಿರುತ್ತದೆ. ಎಳೆದರೆ ತುಂಬಾ ನೋವು. ಕುಳಿ ಹರಿದರೆ ಮುಂದೆ ಬರುವ ಗರಿ ವಕ್ರವಾಗಬಹುದು, ಬರದೆಯೇ ಹೋಗಬಹುದು. ಇನ್ನೂ ಒಂದು ಅಪಾಯ ಇದೆ. ಹೊಸದಾಗಿ ಬರುವ ಗರಿಯೊಳಗೆ ರಕ್ತ ತುಂಬಿರುತ್ತದೆ. ಅಕ್ಕಪಕ್ಕದ ಗರಿಗಳ ಆಸರೆ ಇಲ್ಲದೆ ಅದು ಒಂಟಿಯಾಗಿ ಚಾಚಿಕೊಂಡಿದ್ದರೆ ಬಡಿದು ಒಡೆಯುತ್ತದೆ, ರಕ್ತ ಸುರಿಯುತ್ತದೆ. ನಾವು ಈ ದಾರಿ ಬಿಟ್ಟೆವು.

ಉಳಿದದ್ದು ಗರಿ ಕಸಿ. ಸತ್ತ ಹದ್ದಿನ ಗರಿಯನ್ನು ಮುರಿದ ಗರಿಯ ಬುಡಕ್ಕೆ ಕೂಡಿಸುವುದು. ಇದು ಹೊಸ ವಿದ್ಯೆಯಲ್ಲ. ಡೇಗೆ ಸಾಕಿ ಬೇಟೆಯಾಡುವವರು ನೂರಾರು ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ಯುರೋಪಿನಲ್ಲಿ 13ನೇ ಶತಮಾನದ ಬರಹಗಳಲ್ಲೇ ಇದರ ವಿವರ ಇದೆ. ಗರಿ ನಿರ್ಜೀವ ಆಗಿರುವುದೇ ಇಲ್ಲಿ ಅನುಕೂಲ. ಕತ್ತರಿಸಿದರೆ ನೋವಿಲ್ಲ, ಬೇರೆ ಹಕ್ಕಿಯ ಗರಿಯನ್ನು ಮೈ ತಿರಸ್ಕರಿಸುವ ಪ್ರಶ್ನೆಯೂ ಇಲ್ಲ. ಕುಳಿಗೆ ಕೈ ಹಾಕುವುದಿಲ್ಲವಾದ್ದರಿಂದ ಮುಂದಿನ ವರ್ಷ ಕಸಿ ಗರಿ ತಾನಾಗಿ ಉದುರಿ, ಹಕ್ಕಿಯ ಸ್ವಂತ ಗರಿ ಬರುತ್ತದೆ.

ಕಾಯಬೇಕೆಂದು ನಿರ್ಧರಿಸಿದ್ದು

ಕಸಿ ಎಂದು ತೀರ್ಮಾನವಾದ ಮೇಲೆ ಎಲ್ಲರಿಗೂ ಅವಸರ. ಮನೆಯವರು ದಿನಾ ಫೋನ್ ಮಾಡುತ್ತಿದ್ದರು. ದಾನಿ ಗರಿಗಳೂ ಬೇಗ ಸಿಕ್ಕವು. ವಿದ್ಯುತ್ ತಂತಿಗೆ ತಾಗಿ ಸತ್ತಿದ್ದ ಎರಡು ಹದ್ದುಗಳ ಗರಿಗಳನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು ತೆಗೆದಿಟ್ಟುಕೊಂಡೆವು. ಈ ಅನುಮತಿ ಬೇಕೇ ಬೇಕು. ಸತ್ತ ಕಾಡುಹಕ್ಕಿಯ ಗರಿಯೂ ಸರ್ಕಾರದ ಸ್ವತ್ತು.

ಆದರೆ ಮುರಿದ ಗರಿಗಳ ಬುಡ ನೋಡಿದಾಗ ಅದಿನ್ನೂ ನೀಲಿ-ಕಪ್ಪಾಗಿತ್ತು. ಅಂದರೆ ಒಳಗೆ ರಕ್ತ ಇದೆ, ಮೇಲಿನ ಅರ್ಧ ಮುರಿದು ಹೋಗಿದ್ದರೂ ಕುಳಿ ಇನ್ನೂ ಗರಿ ನೇಯುತ್ತಲೇ ಇದೆ. ರೆಕ್ಕೆಯ ಉದ್ದನೆಯ ಗರಿಗಳು ಪೂರ್ತಿಯಾಗುವುದು ಕೊನೆಗೆ, ಮರಿ ಗೂಡು ಬಿಡುವ ವಯಸ್ಸಾದ ಮೇಲೂ ಅವು ಬೆಳೆಯುತ್ತಿರುತ್ತವೆ. ಆ ಹಂತದಲ್ಲಿ ಕತ್ತರಿಸಿದರೆ ರಕ್ತ ಬರುತ್ತದೆ, ಅಂಟು ನಿಲ್ಲುವುದಿಲ್ಲ, ಬುಡವೇ ಹಾಳಾಗಬಹುದು.

ಈ ಪ್ರಕರಣದ ದಿಕ್ಕು ಬದಲಾದದ್ದು ಇಲ್ಲಿ ಎಂದು ನನಗೆ ಅನಿಸುತ್ತದೆ. ಬುಡ ಕೊನೆಗೆ ಆಗುತ್ತದೆ ಎಂದೆನಲ್ಲ, ಅದರ ಅರ್ಥ ಏನು? ಮುರಿದ ತುದಿಯನ್ನು ಯಾರೂ ಸರಿ ಮಾಡಲಾರರು. ಆದರೆ ಕಸಿ ಹೊರಬೇಕಾದ ಬುಡ ಇನ್ನೂ ತಯಾರಾಗಬೇಕಿದೆ. ಅದು ಗಟ್ಟಿಯಾಗಿ ಬರುವುದೋ ಪೊಳ್ಳಾಗಿ ಬರುವುದೋ ಎಂಬುದು ಈ ದಿನಗಳ ಊಟದ ಮೇಲೆ ನಿಂತಿದೆ. ಹಾಗಾಗಿ ಕಸಿಯನ್ನು ಮುಂದೂಡಿ ಊಟದ ಕಡೆ ನೋಡಿದೆವು. ಮೂಳೆ, ಕರುಳು, ಚರ್ಮ ಸಹಿತ ಇಡೀ ಕೋಳಿಮರಿ, ಇಲಿ. ಬೆಳಗಿನ ಬಿಸಿಲು. ಸ್ವಲ್ಪ ದಿನ ಕ್ಯಾಲ್ಸಿಯಂ ಪುಡಿ. ಹದ್ದು ಮೂಳೆ ನುಂಗಿದರೆ ಗಂಟಲಿಗೆ ಸಿಕ್ಕುವುದಿಲ್ಲ ಎಂಬುದನ್ನು ಅಜ್ಜಿ ಬಂದು ಕಣ್ಣಾರೆ ನೋಡಿದರು. ಮಾತೇ ಆಡಲಿಲ್ಲ, ನೋಡುತ್ತ ನಿಂತರು.

ತಂತಿಬಲೆಯನ್ನು ಪೂರ್ತಿ ತೆಗೆದೆವು. ಎಡಪಕ್ಕದ ಗರಿಗಳೇ ಮುರಿಯಲು ಆ ಬಲೆಯೂ ಕಾರಣ. ಮರಿ ಅದಕ್ಕೆ ಎಡಮೈ ಒತ್ತಿ ಮಲಗುತ್ತಿತ್ತಂತೆ. ಬದಲಿಗೆ ಒಳಗೆ ಬಟ್ಟೆ ಕಟ್ಟಿದ ಗೋಡೆಗಳ ಜಾಗ. ಬಾಲದ ಗರಿಗಳಿಗೆ ಹಳೆಯ ಎಕ್ಸ್-ರೇ ಹಾಳೆಯ ಹೊದಿಕೆ. ಮನುಷ್ಯರ ಮುಖ ಕಾಣದಂತೆ ಊಟ ಕೊಡುವ ಏರ್ಪಾಟು. ಆಮೇಲೆ ಇನ್ನೊಂದು ಹದ್ದು ಚಿಕಿತ್ಸೆಗೆ ಬಂತು, ಅದರ ಜೊತೆ ಇದನ್ನು ಬಿಟ್ಟೆವು. ಒಂಟಿಯಾಗಿ ಬೆಳೆದ ಮರಿಗೆ ತನ್ನ ಜಾತಿಯ ಜೊತೆ ಸಿಕ್ಕಿದ್ದು ಯಾವ ಔಷಧಿಗಿಂತಲೂ ದೊಡ್ಡದು. ಮೊದಲು ನಮ್ಮನ್ನು ಕಂಡರೆ ಊಟಕ್ಕಾಗಿ ಕೂಗುತ್ತಿತ್ತು. ಕ್ರಮೇಣ ಆ ಕೂಗು ನಿಂತಿತು.

ಬುಡದ ಕಪ್ಪು ಬಣ್ಣ ಮೆಲ್ಲಗೆ ಹೋಯಿತು. ಬಿಳಿಯಾದ, ಗಟ್ಟಿಯಾದ, ಟೊಳ್ಳು ಕೊಳವೆ ಉಳಿಯಿತು. ಅದರ ಮೇಲೆ ಹೊಸ ದೋಷಪಟ್ಟಿ ಒಂದೂ ಇರಲಿಲ್ಲ.

ಕಸಿ, ಮತ್ತು ತಿರುಗಿದ ಏಳನೇ ಗರಿ

ಕಸಿ ಮಾಡಿದ್ದು ಬೇಸಿಗೆಯ ಕೊನೆಗೆ, ಲಘು ಅರಿವಳಿಕೆಯಲ್ಲಿ. ದಾನಿ ಗರಿ ಅದೇ ಜಾತಿಯದು, ಅದೇ ಬದಿಯದು, ಅದೇ ಸಂಖ್ಯೆಯದು ಆಗಿರಬೇಕು. ವಯಸ್ಸೂ ಕೂಡಿದರೆ ಒಳ್ಳೆಯದು. ಮೊದಲ ವರ್ಷದ ಹಕ್ಕಿಯ ಗರಿಗಳ ಉದ್ದ ದೊಡ್ಡ ಹಕ್ಕಿಯದಕ್ಕಿಂತ ಬೇರೆ ಇರಬಹುದು. ನಮಗೆ 7 ಮತ್ತು 8 ಮರಿಹದ್ದಿನದೇ ಸಿಕ್ಕವು. 6ನೆಯದು ದೊಡ್ಡ ಹದ್ದಿನದು, ಬಣ್ಣದಲ್ಲಿ ಸ್ವಲ್ಪ ಬೇರೆ. ಬಲರೆಕ್ಕೆಯ ಜೊತೆ ಅಳತೆ ನೋಡಿ ಕತ್ತರಿಸಿದೆವು. ಬಿದಿರನ್ನು ಸಣ್ಣಗೆ ಹೆರೆದು ಕಡ್ಡಿ ಮಾಡಿ, ಅದರ ಒಂದು ತುದಿಯನ್ನು ದಾನಿ ಗರಿಯ ಕೊಳವೆಗೆ, ಇನ್ನೊಂದನ್ನು ಬುಡದ ಕೊಳವೆಗೆ ಕೂರಿಸಿ ಎಪಾಕ್ಸಿ ಅಂಟು ಹಾಕಿದೆವು. ಪಕ್ಕದ ಗರಿಗೆ ಅಂಟು ತಾಗದಂತೆ ನಡುವೆ ರಟ್ಟಿನ ಚೂರು. ಮನೆಯಲ್ಲಿ ಹಾಕಿದ್ದ ಅಂಟು ಅಕ್ಕಪಕ್ಕದ ಎಳೆಗಳಿಗೆ ಹರಡಿ ಗಟ್ಟಿಯಾಗಿತ್ತು. ಎಳೆಗಳ ಕಿರುಎಳೆಗಳಲ್ಲಿ ಸಣ್ಣ ಕೊಕ್ಕೆಗಳಿರುತ್ತವೆ. ಅವು ಒಂದನ್ನೊಂದು ಹಿಡಿದಿರುವುದರಿಂದಲೇ ಗರಿ ಗಾಳಿ ತೂರದ ಹಾಳೆಯಾಗುತ್ತದೆ. ಬಿಟ್ಟುಕೊಂಡರೆ ಹಕ್ಕಿ ಕೊಕ್ಕಿನಿಂದ ನೀವಿ ಮತ್ತೆ ಕೂಡಿಸುತ್ತದೆ. ಅಂಟು ಮೆತ್ತಿದರೆ ಅದೂ ಆಗುವುದಿಲ್ಲ.

ದೊಡ್ಡ ಪಂಜರದಲ್ಲಿ ಹಾರಾಟ ಶುರುವಾದ ಕೆಲವು ದಿನಕ್ಕೆ ಏನೋ ಸರಿಯಿಲ್ಲ ಎನಿಸಿತು. ಮರಿ ಏಳುತ್ತಿತ್ತು, ಆದರೆ ತಿರುಗುವಾಗ ಎಡಕ್ಕೆ ಜಾರುತ್ತಿತ್ತು. ಹಿಡಿದು ನೋಡಿದರೆ 7ನೇ ಗರಿ ತನ್ನ ದಂಟಿನ ಸುತ್ತ ತುಸು ತಿರುಗಿತ್ತು. ಕಣ್ಣಿಗೆ ಸಣ್ಣ ವ್ಯತ್ಯಾಸ. ಹಾರಾಟಕ್ಕೆ ದೊಡ್ಡದು. ಅದನ್ನು ಬಿಡಿಸಿ ಮತ್ತೆ ಕೂಡಿಸಿದೆವು.

ಯಾಕೆ ಅಷ್ಟು ವ್ಯತ್ಯಾಸ? ಮೊಮ್ಮಗಳಿಗೆ ಉದುರಿದ ಗರಿಯೊಂದನ್ನು ತೋರಿಸಿದೆ. ದಂಟು ನಡುವೆ ಇಲ್ಲ. ಗಾಳಿಗೆ ಎದುರಾಗುವ ಬದಿ ಕಿರಿದು, ಹಿಂದಿನ ಬದಿ ಅಗಲ. ಹೀಗಿರುವುದರಿಂದ ರೆಕ್ಕೆಯ ತುದಿಯಲ್ಲಿ ಬಿಡಿಬಿಡಿಯಾಗಿ ಚಾಚಿದ ಒಂದೊಂದು ಗರಿಯೂ ತಾನೇ ಗಾಳಿಯನ್ನು ಕತ್ತರಿಸಿ ಮೇಲಕ್ಕೆತ್ತುವ ಬಲ ಕೊಡುತ್ತದೆ. ಕೋನ ತಪ್ಪಿದರೆ ಆ ಬಲವೂ ತಪ್ಪುತ್ತದೆ.

ಈ ಅಸಮ ರೂಪ ತೀರಾ ಹಳೆಯದು. ಜರ್ಮನಿಯ ಸೋಲ್ನ್‌ಹೋಫೆನ್‌ನ ಸುಣ್ಣದ ಕಲ್ಲಿನಲ್ಲಿ ಸಿಕ್ಕ ಸುಮಾರು 15 ಕೋಟಿ ವರ್ಷ ಹಿಂದಿನ ಆದಿಹಕ್ಕಿ ಆರ್ಕಿಯಾಪ್ಟೆರಿಕ್ಸ್‌ನ ರೆಕ್ಕೆಯಲ್ಲೂ ಗರಿಗಳು ಹೀಗೇ ಇವೆ. ಆದರೆ ಗರಿ ಅದಕ್ಕಿಂತ ಹಳೆಯ ವಸ್ತು, ಮತ್ತು ಅದು ಹಾರಲೆಂದು ಹುಟ್ಟಿದ್ದಲ್ಲ. 1996ರಲ್ಲಿ ಚೀನಾದ ಲಿಯಾವೊನಿಂಗ್‌ನಲ್ಲಿ ಸಿನೊಸಾರೊಪ್ಟೆರಿಕ್ಸ್ ಎಂಬ ಸಣ್ಣ ಡೈನೋಸಾರ್ ಸಿಕ್ಕಿತು. ಮೈಮೇಲೆ ಬರೀ ನವಿರು ಎಳೆಗಳು. ಅಲ್ಲೇ ಸಿಕ್ಕ ಕಾಡಿಪ್ಟೆರಿಕ್ಸ್‌ಗೆ ಕೈಯಲ್ಲೂ ಬಾಲದಲ್ಲೂ ಪೂರ್ತಿ ಗರಿ ಇದ್ದವು. ಆದರೆ ದಂಟಿನ ಎರಡೂ ಬದಿ ಸಮ, ಅದು ಹಾರುವ ಪ್ರಾಣಿಯಲ್ಲ. ಮೈ ಬೆಚ್ಚಗಿಡಲು, ಇನ್ನೊಬ್ಬರಿಗೆ ತೋರಿಸಿಕೊಳ್ಳಲು ಗರಿ ಮೊದಲು ಬಳಕೆಗೆ ಬಂದಿರಬೇಕು. ಹಾರಾಟ ಆಮೇಲೆ ಸೇರಿಕೊಂಡಿತು.

ರಿಚರ್ಡ್ ಪ್ರಮ್ ಎಂಬ ವಿಜ್ಞಾನಿ 1999ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಂದಿನ ಹಕ್ಕಿಯ ಕುಳಿಯಲ್ಲಿ ಗರಿ ಯಾವ ಕ್ರಮದಲ್ಲಿ ರೂಪುಗೊಳ್ಳುತ್ತದೋ ಅದೇ ಕ್ರಮದಲ್ಲಿ ಗರಿ ವಿಕಾಸವಾಗಿರಬೇಕು ಎಂದರು. ಮೊದಲು ಟೊಳ್ಳು ಕೊಳವೆ. ಆಮೇಲೆ ಕೊಳವೆ ಸೀಳಿ ಎಳೆಗಳ ಕುಚ್ಚು, ಅಂದರೆ ತುಪ್ಪಳ. ಆಮೇಲೆ ದಂಟು, ಕಿರುಎಳೆ, ಕೊಕ್ಕೆ. ಕಟ್ಟಕಡೆಗೆ ಎರಡು ಬದಿಯ ಅಳತೆ ಬೇರೆಯಾಗುವುದು. ಪಾಠಪುಸ್ತಕದ ಮಾತಿನಂತೆ ಕೇಳಬಹುದು. ಆದರೆ ನಮ್ಮ ಮರಿಯ ಒಂದೇ ಕುಳಿ ಮೊದಲು ತುಪ್ಪಳ ಕೊಟ್ಟಿತ್ತು, ಆಮೇಲೆ ಹಾರುವ ಗರಿ ಕೊಟ್ಟಿತು. ಮೊಮ್ಮಗಳ ಹಳೆಯ ಫೋಟೊದಲ್ಲಿ ಕಪ್ಪು ಕಡ್ಡಿಗಳ ತುದಿಯಲ್ಲಿ ಆ ತುಪ್ಪಳ ಇನ್ನೂ ಅಂಟಿಕೊಂಡಿತ್ತು. ಅವಳು ಅದನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದಳು.

ಬಿಟ್ಟ ಮೇಲೆ

ಮಳೆಗಾಲದ ನಡುವೆ ಬಿಡುವುದು ಬೇಡ ಎಂದುಕೊಂಡೆವು. ಹಾರಿ ಅಭ್ಯಾಸವಿಲ್ಲದ ಹಕ್ಕಿಗೆ ನೆನೆದ ರೆಕ್ಕೆಯಲ್ಲಿ ಊಟ ಹುಡುಕುವುದು ಕಷ್ಟ. ಮಳೆ ಕಡಿಮೆಯಾದ ಮೇಲೆ, ಹದ್ದುಗಳು ಸೇರುವ ಜಾಗವೊಂದರಲ್ಲಿ ಇಲಾಖೆಯವರ ಎದುರು ಬಿಟ್ಟೆವು. ಮನೆಯವರೂ ಬಂದಿದ್ದರು. ಹತ್ತಿರ ಹೋಗಿ ಕರೆಯಬಾರದು ಎಂದು ಮೊದಲೇ ಹೇಳಿದ್ದೆ, ಯಾರೂ ಕರೆಯಲಿಲ್ಲ. ಬಣ್ಣ ಬೇರೆಯಾಗಿದ್ದ 6ನೇ ಗರಿಯಿಂದ ದುರ್ಬೀನಿನಲ್ಲಿ ಅದರ ಗುರುತು ಸಿಗುತ್ತಿತ್ತು. ಕೆಲವು ದಿನ ಬೇರೆ ಹದ್ದುಗಳ ಜೊತೆ ಸುತ್ತು ಹಾಕುವುದು ಕಂಡಿತು, ನೆಲದಿಂದ ತುಣುಕು ಎತ್ತಿಕೊಂಡು ಹಾರುತ್ತಲೇ ತಿನ್ನುವುದೂ ಕಂಡಿತು. ಆಮೇಲೆ ಕಾಣಲಿಲ್ಲ.

ಈ ಪ್ರಕರಣದಿಂದ ನಮ್ಮ ಕೆಲಸದಲ್ಲಿ ಎರಡು ಬದಲಾವಣೆ ಬಂದಿವೆ. ಮರಿಹಕ್ಕಿ ಬಂದರೆ ಮೊದಲ ದಿನವೇ ರೆಕ್ಕೆಯನ್ನು ಬೆಳಕಿಗೆ ಹಿಡಿದು ದೋಷಪಟ್ಟಿ ಎಲ್ಲಿದೆ, ಬುಡದಲ್ಲಿ ರಕ್ತ ಇದೆಯೇ ಎಂದು ಬರೆದುಕೊಳ್ಳುತ್ತೇವೆ. ರಕ್ತ ಇದ್ದರೆ ಬೇರೆಲ್ಲಕ್ಕಿಂತ ಮೊದಲು ಊಟ ಸರಿಯಾಗಬೇಕು. ಇನ್ನೊಂದು, ಸತ್ತು ಬಂದ ಹದ್ದು, ಗೂಬೆಗಳ ಗರಿಗಳನ್ನು ಇಲಾಖೆಯ ಅನುಮತಿಯೊಂದಿಗೆ ಕ್ರಮವಾಗಿ ಎತ್ತಿಡುತ್ತಿದ್ದೇವೆ. ಬುಡ ಸಹಿತ ತೆಗೆದು, ಜಾತಿ, ವಯಸ್ಸು, ಎಡ-ಬಲ, ಸಂಖ್ಯೆ ಬರೆದು, ಹುಳು ಬೀಳದಂತೆ ಒಣ ಲಕೋಟೆಯಲ್ಲಿ. ದೊಡ್ಡ ಹದ್ದಿನ ಗರಿಗಳು ಸಾಕಷ್ಟು ಕೂಡಿವೆ. ಮೊದಲ ವರ್ಷದ ಹದ್ದಿನ ಬಾಲದ ಗರಿಗಳು ಮಾತ್ರ ಇನ್ನೂ ಕಡಿಮೆ ಇವೆ, ಬೇಸಿಗೆಯಲ್ಲಿ ಬರುವ ಮರಿಗಳಿಗೆ ಹೆಚ್ಚಾಗಿ ಬೇಕಾಗುವುದೂ ಅವೇ.